ಬನ್ನಿಯ ಜತೆಗೊಂದು ಪ್ರಶ್ನೆ

ಶರತ್ಕಾಲವೆಂದರೇನೆಂಬುದನ್ನು ಶಾಲೆಯಲ್ಲಿ ನಾವು ಎರಡು ಬಗೆಯಾಗಿ ಕಲಿತೆವು. ಇಂಗ್ಲಿಷ್ ಪಾಠದ ಶರತ್ಕಾಲದಲ್ಲಿ ಮರದ ಎಲೆಗಳೆಲ್ಲ ಹಳದಿಯಾಗಿ, ಕೆಂಪಾಗಿ ಉದುರಿ ಬೀಳುತ್ತಿದ್ದವು. ಕನ್ನಡ ಪಾಠದ ಶರತ್ಕಾಲದಲ್ಲಿ ಆಕಾಶ ತಿಳಿಯಾಗಿ, ಕೊಳದಲ್ಲಿ ತಾವರೆ ಅರಳಿ, ಹಂಸಗಳು ಮರಳಿ ಬರುತ್ತಿದ್ದವು. ಯಲಬುರ್ಗಾ ತಾಲೂಕಿನ ಎರೆಹೊಲಗಳ ನಡುವಿನ ನಮ್ಮೂರಲ್ಲಿ ಇವೆರಡೂ ಇರಲಿಲ್ಲ. ಎಲೆ ಉದುರುವುದು ನಮ್ಮ ಕಡೆ ಶಿವರಾತ್ರಿಯ ಹೊತ್ತಿಗೆ. ಹಂಸವನ್ನು ನಾವು ಕಂಡಿದ್ದು ಕ್ಯಾಲೆಂಡರಿನ ಸರಸ್ವತಿಯ ಪಕ್ಕದಲ್ಲಿ ಮಾತ್ರ. ಆದರೂ ಶರತ್ಕಾಲ ಬಂದದ್ದು ನಮಗೆ ತಿಳಿಯುತ್ತಿತ್ತು. ಹೇಗೆಂದರೆ, ಊರಿನ ಜನ ಒಬ್ಬರನ್ನೊಬ್ಬರು ಕಂಡಾಗ ನಮಸ್ಕಾರದ ಬದಲು ಪ್ರಶ್ನೆ ಕೇಳಲು ಸುರುಮಾಡುತ್ತಿದ್ದರು: “ನಿಮ್ಮ ಕಡೆ ಮಳಿ ಹೆಂಗ್ರಿ?”

ಇದು ಬರಿಯ ಲೋಕಾಭಿರಾಮದ ಮಾತಲ್ಲ. ಉತ್ತರಿ ಮಳೆ ಕೈಕೊಟ್ಟರೂ ಹಸ್ತ, ಚಿತ್ತಿ ಮಳೆಗಳು ನಡೆಸಿಕೊಟ್ಟರೆ ಹಿಂಗಾರಿ ಬಿಳಿಜೋಳ, ಕಡಲೆ, ಕುಸುಬೆ ಬಿತ್ತಿಗೆ ಸಾಗುತ್ತದೆ, ಇಲ್ಲವಾದರೆ ಇಲ್ಲ. ಸೆಪ್ಟೆಂಬರಿನ ಕೊನೆಯಿಂದ ಅಕ್ಟೋಬರಿನ ಕೊನೆಯವರೆಗಿನ ಈ ನಾಲ್ಕು ವಾರಗಳ ಮೇಲೆ ಯಲಬುರ್ಗಾ, ಕುಷ್ಟಗಿಗಳ ಮುಂದಿನ ವರ್ಷದ ರೊಟ್ಟಿ ನಿಂತಿರುತ್ತದೆ. ಅದೇ ಹೊತ್ತಿನಲ್ಲಿ ಐವತ್ತು–ಅರವತ್ತು ಮೈಲಿ ಆಚೆ ಗಂಗಾವತಿಯ ಕಾಲುವೆ ಸೀಮೆಯಲ್ಲಿ ಭತ್ತ ಹೊಡೆ ತುಂಬಿ, ಗಾಳಿಗೆ ಹಸಿರು ಜಮಖಾನೆ ಝಾಡಿಸಿದಂತೆ ಆಡುತ್ತಿರುತ್ತದೆ. ಅಲ್ಲಿಯ ಜನ ಮುಗಿಲು ನೋಡುವುದಿಲ್ಲ; ತುಂಗಭದ್ರಾ ಜಲಾಶಯದಲ್ಲಿ ಎಷ್ಟು ನೀರಿದೆಯೆಂದು ಪತ್ರಿಕೆಯಲ್ಲಿ ನೋಡುತ್ತಾರೆ. ಒಂದೇ ಜಿಲ್ಲೆ, ಎರಡು ಶರತ್ಕಾಲ. ಪ್ರಶ್ನೆ ಮಾತ್ರ ಎರಡೂ ಕಡೆಗೆ ಒಂದೇ: ನೀರು ಬಂತೆ?

ಈ ಪ್ರಶ್ನೆಯ ಬೆನ್ನಿಗೇ ಹಬ್ಬಗಳ ಸಾಲು ಬರುತ್ತದೆ. ಶಾಸ್ತ್ರದ ಲೆಕ್ಕದಲ್ಲಿ ಶರದೃತುವೆಂದರೆ ಆಶ್ವೀಜ, ಕಾರ್ತಿಕ ಎರಡು ಮಾಸ. ನಮ್ಮ ರಜೆಗಳ ಲೆಕ್ಕದಲ್ಲಿ ಅದು ಸೆಪ್ಟೆಂಬರ್ 17ರ ಧ್ವಜವಂದನೆಯಿಂದಲೇ ಬಾಗಿಲು ತೆರೆಯುತ್ತದೆ. ಆಮೇಲೆ ನವರಾತ್ರಿ, ಬನ್ನಿ, ಸೀಗಿ ಹುಣ್ಣಿಮೆ, ದೀಪಾವಳಿ, ನಡುವೆ ರಾಜ್ಯೋತ್ಸವ, ಕೊನೆಗೆ ಸಕ್ಕರೆ ಆರತಿಯ ಗೌರಿ ಹುಣ್ಣಿಮೆ. ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ಚದುರಿದ ಮಕ್ಕಳು–ಮೊಮ್ಮಕ್ಕಳು ಊರಿಗೆ ಬರುವ ಕಾಲ ಇದು. ಕೊಪ್ಪಳದ ಸ್ಟೇಷನ್ನಿನಲ್ಲಿ ಬೆಳಗಿನ ರೈಲು ನಿಂತಿತೆಂದರೆ, ಇಳಿಯುವವರಲ್ಲಿ ಅರ್ಧ ಮಂದಿ ಚೀಲಗಳೇ, ಉಳಿದರ್ಧ ಮನುಷ್ಯರು.

ಬಂದವರೇನೋ ಬಂದರು. ಇನ್ನು ಮಾತಾಡಬೇಕಲ್ಲ! ಕಷ್ಟ ಇರುವುದು ಅಲ್ಲಿ. ನಮ್ಮ ಮನೆಗಳಲ್ಲಿ ಹಬ್ಬಕ್ಕೆ ಬಂದವರನ್ನು ಕೇಳುವ ಪ್ರಶ್ನೆಗಳು ಐದೇ ಐದು. “ಯಾವಾಗ ಬಂದ್ರಿ?” “ಯಾವಾಗ ಹೋಗ್ತೀರಿ?” “ಪಗಾರ ಎಷ್ಟಾತು?” “ಪ್ಲಾಟ್ ಏನರ ತೊಗೊಂಡ್ರೇನು?” “ಲಗ್ನ ಯಾವಾಗ?” ಮೊದಲನೆಯ ಎರಡು ಬಸ್ ನಿಲ್ದಾಣದ ವಿಚಾರಣೆ ಕಿಟಕಿಗೆ ಸೇರತಕ್ಕವು. ಮೂರನೆಯದು ಆದಾಯ ತೆರಿಗೆಯವರ ಅಧಿಕಾರದಲ್ಲಿ ಬರುತ್ತದೆ. ನಾಲ್ಕನೆಯದು ನೋಂದಣಿ ಕಚೇರಿಯವರದು. ಐದನೆಯದನ್ನು ಕೇಳುವ ಅಧಿಕಾರ ಯಾರಿಗಿದೆಯೋ ತಿಳಿಯದು. ಕೇಳುವವರು ಮಾತ್ರ ಎಲ್ಲರೂ. ಹತ್ತು ನಿಮಿಷದಲ್ಲಿ ಈ ಐದು ಮುಗಿದರೆ ಆರನೆಯದು ಇಲ್ಲ. ಹಿರಿಯರು ಕೆಮ್ಮುತ್ತಾರೆ, ಕಿರಿಯರು ಜೇಬಿನಿಂದ ಮೊಬೈಲು ತೆಗೆಯುತ್ತಾರೆ. ಮೊಬೈಲಿನಿಂದ ಮಾತು ಸತ್ತಿತೆಂದು ಹಿರಿಯರ ದೂರು. ನನಗೆ ಹಾಗನ್ನಿಸುವುದಿಲ್ಲ. ಮಾತು ಸತ್ತ ಮೇಲೆಯೇ ಮೊಬೈಲು ಹೊರಗೆ ಬರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಹಾಗೆಂದು ಪ್ರಶ್ನೆ ಕೇಳುವ ಕಲೆ ನಮ್ಮ ಸೀಮೆಗೆ ಹೊಸತೆ? ಖಂಡಿತ ಅಲ್ಲ. ಹೊಸದಾಗಿ ಮದುವೆಯಾದವಳನ್ನು ಹಬ್ಬದ ದಿನ ಹೊಸ್ತಿಲಲ್ಲಿ ನಿಲ್ಲಿಸಿ, ಗಂಡನ ಹೆಸರನ್ನು ಒಡಪಿನಲ್ಲಿಟ್ಟು ಹೇಳದ ಹೊರತು ಒಳಗೆ ಬಿಡದ ನಾದಿನಿಯರ ಊರು ಇದು. ಅಂಗಳದ ಹೊರಸಿನ ಮೇಲೆ ಅಜ್ಜಿ ಒಗಟು ಹಾಕಿದರೆ, ಉತ್ತರ ಹೇಳಲಾರದವನು ಅವಳ ಕಾಲು ಒತ್ತಬೇಕು. ಜಾತ್ರೆಯ ರಾತ್ರಿ ಹರದೇಶಿ–ನಾಗೇಶಿ ಮೇಳಗಳು ಎದುರುಬದುರಾಗಿ ನಿಂತರಂತೂ ಮುಗಿದೇಹೋಯಿತು: ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬ ಒಂದೇ ವಾದಕ್ಕೆ ಪುರಾಣಗಳನ್ನೆಲ್ಲ ಜಾಲಾಡಿ, ಒಂದು ಮೇಳ ಸವಾಲು ಹಾಕುವುದು, ಇನ್ನೊಂದು ಬೆಳಗಾಗುವುದರೊಳಗೆ ಜವಾಬು ಕೊಡುವುದು. ಅಕ್ಷರ ಬಾರದ ರೈತ ಕಂಬಳಿ ಹೊದ್ದು ಕುಳಿತು, ಯಾವ ಜವಾಬು ಸರಿ, ಯಾವುದು ತಪ್ಪಿಸಿಕೊಳ್ಳುವ ಮಾತು ಎಂಬುದನ್ನು ವಿಶ್ವವಿದ್ಯಾಲಯದ ಪರೀಕ್ಷಕನಿಗಿಂತ ಚೆನ್ನಾಗಿ ಹೇಳುತ್ತಿದ್ದ.

ಅಷ್ಟೇಕೆ, ಬನ್ನಿಹಬ್ಬದ ಕಥೆಯನ್ನೇ ನೋಡಿ. ಪಾಂಡವರು ಅಜ್ಞಾತವಾಸಕ್ಕೆ ಹೋಗುವ ಮೊದಲು ಆಯುಧಗಳನ್ನು ಶಮೀವೃಕ್ಷದ ಮೇಲಿಟ್ಟರೆಂಬುದು ಎಲ್ಲರಿಗೂ ಗೊತ್ತು. ಅದಕ್ಕೂ ಮುಂಚೆ ಏನಾಯಿತು? ವನವಾಸದ ಕೊನೆಯಲ್ಲಿ ನೀರು ತರಲು ಹೋದ ನಾಲ್ವರು ತಮ್ಮಂದಿರು ಕೊಳದ ದಂಡೆಯ ಮೇಲೆ ಬಿದ್ದಿದ್ದರು. ಯಕ್ಷ ಕೇಳಿದ ಪ್ರಶ್ನೆಗಳಿಗೆ ಧರ್ಮರಾಯ ನಿಂತು ಉತ್ತರ ಹೇಳಿದ, ತಮ್ಮಂದಿರು ಎದ್ದರು. ವನಪರ್ವ ಮುಗಿಯುವುದು ಆ ಪ್ರಶ್ನೋತ್ತರದಲ್ಲಿ, ವಿರಾಟಪರ್ವ ಮೊದಲಾಗುವುದು ಈ ಬನ್ನಿಯ ಗಿಡದತ್ತ ನಡೆಯುವುದರಲ್ಲಿ. ಎಂದರೆ ಬನ್ನಿಗೆ ಹೋಗುವ ದಾರಿ ಪ್ರಶ್ನೆಗಳನ್ನು ಹಾದೇ ಹೋಗಬೇಕು. ಉತ್ತರಿಸದೆ ನೀರು ಕುಡಿಯಲು ಹೋದ ನಾಲ್ವರ ಗತಿ ಏನಾಯಿತೆಂಬುದನ್ನು ಹಬ್ಬದ ಮನೆಗಳಲ್ಲಿ ಸುಮ್ಮನೆ ಕುಳಿತಿರುವವರು ನೆನೆಯಬೇಕು.

ನಮ್ಮ ಮನೆಯಲ್ಲಿ ಇದು ನೆನಪಾದದ್ದು 2024ರ ವಿಜಯದಶಮಿಯಂದು, ನನ್ನ ತಮ್ಮನ ಮಗಳಿಂದ. ಹೈಸ್ಕೂಲು ಓದುವ ಹುಡುಗಿ. ಶಾಲೆಯ ಕ್ವಿಜ್ ಸ್ಪರ್ಧೆಯಲ್ಲಿ ಬಹುಮಾನ ಗಳಿಸಿ ಬಂದ ಹುಮ್ಮಸ್ಸು ಬೇರೆ. ಎಲ್ಲರೂ ಬನ್ನಿ ಕೊಟ್ಟು ಬನ್ನಿ ತೆಗೆದುಕೊಂಡು, ಬಂಗಾರದಂತೆ ಇರೋಣ ಎಂದು ಕೈಮುಗಿಯುತ್ತಿದ್ದಾಗ ಅವಳು ನಡುವೆ ನಿಂತು, “ಬಂಗಾರ ಪುಕ್ಕಟೆ ಸಿಗೂದಿಲ್ಲ. ಕೊಟ್ಟವರನ್ನ ಇಸಕೊಂಡವರು ಒಂದು ಪ್ರಶ್ನೆ ಕೇಳಬೇಕು” ಎಂದು ಕಾನೂನು ಹೊರಡಿಸಿದಳು. ಉಪನಿಯಮಗಳು ಮೂರು. ಉತ್ತರವನ್ನು ಮೊಬೈಲಿನಲ್ಲಿ ಹುಡುಕಕೂಡದು. ಪಗಾರ, ಪ್ಲಾಟು, ಲಗ್ನಗಳ ಸುದ್ದಿ ಎತ್ತಕೂಡದು. ಕೇಳಿದವರು ಉತ್ತರ ಮುಗಿಯುವವರೆಗೆ ಎದ್ದು ಹೋಗಕೂಡದು. ಮೂರನೆಯ ನಿಯಮವೇ ಎಲ್ಲಕ್ಕಿಂತ ಬಿಗಿಯಾದದ್ದೆಂದು ಆಮೇಲೆ ತಿಳಿಯಿತು.

ಮೊದಲ ಬಾಣ ಬಿಟ್ಟವರು ಗಂಗಾವತಿ ಕಡೆಯ ನಮ್ಮ ಮಾವ—ನನ್ನ ತಂಗಿಯ ಗಂಡ. ಮಕ್ಕಳ ಬಾಯಲ್ಲಿ ಮಾವನಾದವರು ಈಗ ಮನೆಗೆಲ್ಲ ಮಾವನೇ. “ರಾಮಾಯಣದೊಳಗ ಶರತ್ಕಾಲ ಯಾವ ತಾಲೂಕಿನಾಗ ಬಂತು?” ಎಂದರು. ಹುಡುಗರು ಮುಖಮುಖ ನೋಡಿಕೊಂಡರು. ಉತ್ತರ ಅವರದೇ ತಾಲೂಕು, ಅನುಮಾನವೇ ಇಲ್ಲ. ಆನೆಗೊಂದಿಯ ಸುತ್ತಲಿನ ಗುಡ್ಡಗಳೇ ಕಿಷ್ಕಿಂಧೆಯೆಂಬುದು ಪರಂಪರೆಯ ನಂಬಿಕೆಯಷ್ಟೆ. ವಾಲಿ ಸತ್ತ ಮೇಲೆ ರಾಮಲಕ್ಷ್ಮಣರು ಮಳೆಗಾಲದ ನಾಲ್ಕು ತಿಂಗಳನ್ನು ಗುಡ್ಡದ ಗವಿಯಲ್ಲಿ ಕಳೆದರು. ಮಳೆ ನಿಂತು, ಆಕಾಶ ತಿಳಿಯಾಗಿ, ದಾರಿಯ ಕೆಸರು ಆರಿದರೂ ಸುಗ್ರೀವನ ಸುಳಿವಿಲ್ಲ. ಸೀತೆಯನ್ನು ಹುಡುಕಿಸುತ್ತೇನೆಂದು ಕೊಟ್ಟ ಮಾತು ಸಿಂಹಾಸನದ ಸುಖದಲ್ಲಿ ಮರೆತುಹೋಗಿತ್ತು. ಕೋಪದಿಂದ ಹೊರಟ ಲಕ್ಷ್ಮಣನನ್ನು ತಾರೆ ಬಂದು ಸಮಾಧಾನಪಡಿಸಬೇಕಾಯಿತು. “ಅಂದರ ಕೊಟ್ಟ ಮಾತು ಮರೆಯೂದು ನಿಮ್ಮ ತಾಲೂಕಿನಾಗ ತ್ರೇತಾಯುಗದಿಂದನ ಐತಿ ಅನ್ನು” ಎಂದು ಕುಷ್ಟಗಿಯ ಚಿಗವ್ವ ಅಂದರು. ಅವರು ಸಾಲ ಕೊಟ್ಟು ಕಾಯುತ್ತಿದ್ದ ಸಂಗತಿ ಆಗ ಎಲ್ಲರಿಗೂ ಗೊತ್ತಾಯಿತು.

ನಗೆ ಅಡಗಿದ ಮೇಲೆ ಈ ಉತ್ತರದಿಂದಲೇ ಇನ್ನೊಂದು ಪ್ರಶ್ನೆ ಹುಟ್ಟಿತು. ದಂಡಯಾತ್ರೆಗೆ, ಹುಡುಕಾಟಕ್ಕೆ ಶರತ್ಕಾಲವೇ ಏಕೆ? ಏಕೆಂದರೆ ಮಳೆಗಾಲದಲ್ಲಿ ಹೊಳೆ ದಾಟುವಂತಿಲ್ಲ, ಗಾಡಿ ಸಾಗುವಂತಿಲ್ಲ. ಮಳೆ ಹಿಂದೆಗೆದಾಗ ಅರಸರು ಆಯುಧಗಳಿಗೆ ಪೂಜೆಮಾಡಿ ಊರ ಸೀಮೆ ದಾಟುತ್ತಿದ್ದರು. ಬನ್ನಿಯ ದಿನ ಊರ ಹೊರಗಿನ ಗಿಡದವರೆಗೆ ನಾವು ನಡೆಯುವುದು ಆ ಸೀಮೋಲ್ಲಂಘನದ ಉಳಿಕೆ. ದಸರೆಯೆಂದರೆ ಮೈಸೂರು ಎನ್ನುವ ನಮ್ಮ ಬೆಂಗಳೂರಿನ ಸೊಸೆಗೆ ಇಲ್ಲೊಂದು ಲೆಕ್ಕ ಒಪ್ಪಿಸಲಾಯಿತು. ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರೆ ಆರಂಭಿಸಿದ್ದು 1610ರಲ್ಲಿ. ಅದಕ್ಕೆ ಒಂದೂವರೆ ಶತಮಾನಕ್ಕೂ ಹಿಂದೆ, 1443ರಲ್ಲಿ, ಪರ್ಷಿಯದ ರಾಯಭಾರಿ ಅಬ್ದುಲ್ ರಜಾಕ್ ವಿಜಯನಗರಕ್ಕೆ ಬಂದು ಮಹಾನವಮಿಯ ವೈಭವ ನೋಡಿ ಬೆರಗಾಗಿ ಬರೆದಿಟ್ಟ. 1520ರ ಸುಮಾರಿಗೆ ಪೋರ್ತುಗೀಜ ಪಯಣಿಗ ಡೊಮಿಂಗೋ ಪಾಯೆಸ್ ಅದನ್ನೇ ಮಾಡಿದ. ಆ ಮಹಾನವಮಿ ದಿಬ್ಬ ಆನೆಗೊಂದಿಯ ಹೊಳೆಯಾಚೆ ಹಂಪಿಯಲ್ಲಿ ಈಗಲೂ ಇದೆ. ಗಂಗಾವತಿ ಬಳಿಯ ಹೇಮಗುಡ್ಡದ ದುರ್ಗಾದೇವಿಯ ದಸರೆಯಲ್ಲಿ ಆನೆಯ ಮೇಲೆ ಅಂಬಾರಿ ಹೊರಡುವುದೂ ಉಂಟು. ಸೊಸೆ ಸೋಲೊಪ್ಪಿಕೊಳ್ಳಲಿಲ್ಲ, ಆದರೆ ಹೇಮಗುಡ್ಡಕ್ಕೆ ಹೋಗುವ ಬಸ್ಸು ಯಾವುದೆಂದು ಕೇಳಿದಳು. ಅದೂ ಒಂದು ಬಗೆಯ ಉತ್ತರ.

ಹೀಗೆ ಪ್ರಶ್ನೆಗಳು ಊರಿಂದೂರಿಗೆ ಅಲೆದವು. ಸುಮಾರು ಕ್ರಿ.ಶ. 850ರ ‘ಕವಿರಾಜಮಾರ್ಗ’ದಲ್ಲಿ ಕನ್ನಡದ ತಿರುಳು ಇರುವ ನಾಡಿನ ಮೇರೆ ಹೇಳುವಾಗ ಬರುವ ಕೊಪಣ ಯಾವುದು? ನಮ್ಮ ಕೊಪ್ಪಳವೇ. (ನಮ್ಮ ಕನ್ನಡವನ್ನು ಕೇಳಿ ನಗುವ ಬೆಂಗಳೂರಿನ ಗೆಳೆಯರಿಗೆ ಹೇಳಬೇಕಾದ ಮಾತೆಂದು ಹುಡುಗರು ಅದನ್ನು ಬರೆದುಕೊಂಡರು.) ಶಾಸನದಲ್ಲಿ ‘ದೇವಾಲಯ ಚಕ್ರವರ್ತಿ’ ಎನ್ನಿಸಿಕೊಂಡ ಗುಡಿ ಎಲ್ಲಿದೆ? ಇಟಗಿಯಲ್ಲಿ, ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ್ದು. ಇಟಗಿ ಯಾವ ತಾಲೂಕು? ಇಲ್ಲಿ ಜಗಳ ಹತ್ತಿತು. ಕುಕನೂರು, ಕನಕಗಿರಿ, ಕಾರಟಗಿಗಳು ಹೊಸ ತಾಲೂಕುಗಳಾದ ಮೇಲೆ ನಾಲ್ಕು ತಾಲೂಕಿನ ಜಿಲ್ಲೆ ಏಳು ತಾಲೂಕಿನದಾಗಿದೆ, ಇಟಗಿ ಈಗ ಕುಕನೂರಿನದು ಎಂದು ಹುಡುಗರು. ಸರಕಾರ ಏನೇ ಬರೆದುಕೊಳ್ಳಲಿ, ಇಟಗಿ ಯಲಬುರ್ಗಾದ್ದೇ ಎಂದು ನಮ್ಮಣ್ಣ. ಮಹಾದೇವ ದಂಡನಾಯಕನಿಗೆ ಈ ಚಿಂತೆ ಇದ್ದಿರಲಾರದು.

ಆಗ ನಮ್ಮ ಹುಡುಗಿ ಮಾವನಿಗೆ ಒಂದು ಸುಲಭದ ಪ್ರಶ್ನೆ ಎಸೆದಳು: “ತುಂಗಭದ್ರಾ ಡ್ಯಾಮಿಗೆ ಗೇಟು ಎಷ್ಟು?” “ಮೂವತ್ತಮೂರು” ಎಂದರು ಅವರು ಥಟ್ಟನೆ. ಅವಳು ಅಷ್ಟಕ್ಕೆ ಬಿಡಲಿಲ್ಲ. “ಹತ್ತೊಂಬತ್ತನೇದು ಹೋದ ರಾತ್ರಿ ನೀವು ಎಲ್ಲಿದ್ರಿ, ಮಾವ?”

ಮಾವ ಸುಮ್ಮನಾದರು. ಆ ವರ್ಷದ ಆಗಸ್ಟ್ 10ರ ರಾತ್ರಿ ಸರಪಳಿ ಕಡಿದು ಹತ್ತೊಂಬತ್ತನೆಯ ಗೇಟು ಕೊಚ್ಚಿಹೋದದ್ದು, ತುಂಬಿ ನಿಂತಿದ್ದ ಜಲಾಶಯದಿಂದ ನೀರು ಹೊರಬಿದ್ದದ್ದು, ವಾರದ ಹೊತ್ತಿಗೆ ಅಲ್ಲಿ ತಾತ್ಕಾಲಿಕ ಹಲಗೆಗೇಟು ಇಳಿಸಿ ನೀರು ನಿಲ್ಲಿಸಿದ್ದು ನಾವೆಲ್ಲ ಪತ್ರಿಕೆಯಲ್ಲಿ ಓದಿದ ಸಂಗತಿ. ಮಾವ ಹೇಳಿದ್ದು ಪತ್ರಿಕೆಯಲ್ಲಿ ಇರಲಿಲ್ಲ. ಸುದ್ದಿ ಕೇಳಿದ ಮೇಲೆ ಅವರು ಮನೆಯಲ್ಲಿ ಯಾರನ್ನೂ ಎಬ್ಬಿಸದೆ, ಬ್ಯಾಟರಿ ಹಿಡಿದು ಗದ್ದೆಗೆ ಹೋದರಂತೆ. ನಾಟಿ ಮಾಡಿದ ಸಸಿ ಆಗತಾನೆ ಬೇರು ಹಿಡಿದಿತ್ತು. ಕಾಲುವೆಯಲ್ಲಿ ಎಂದಿನಂತೆ ನೀರು ಹರಿಯುತ್ತಿತ್ತು. “ಏನೂ ಮಾಡಲಿಲ್ಲ. ಏನ ಮಾಡ್ಲಿಕ್ಕೆ ಬರ್ತದ? ಬದುವಿನ ಮ್ಯಾಲೆ ಕುಂತು, ನೀರಿನ ಸಪ್ಪಳ ಕೇಳಿಕೋತ ಬೆಳಗ ಮಾಡಿದೆ. ಈ ಸಪ್ಪಳ ಇನ್ನೆಷ್ಟು ದಿನ ಅಂತ ಲೆಕ್ಕಾ ಹಾಕಿದೆ” ಎಂದರು. ನನ್ನ ತಂಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. “ನನಗ ಒಂದು ಮಾತು ಹೇಳಲಿಲ್ಲಲ್ರಿ” ಎಂದಳು. “ನೀ ಕೇಳಲಿಲ್ಲ” ಎಂದರು ಮಾವ. ಆಮೇಲೆ ಮಳೆಯಾಗಿ, ಕೆರೆಕಾಲುವೆ ತುಂಬಿ, ಬೆಳೆ ಉಳಿದ ಕಥೆ ಎಲ್ಲರಿಗೂ ಗೊತ್ತು. ಆದರೆ ಆ ಒಂದು ರಾತ್ರಿ ಎರಡು ತಿಂಗಳು ಅವರೊಬ್ಬರ ಹತ್ತಿರವೇ ಉಳಿದಿತ್ತು.

ಅಂದು ನನಗೆ ಹೊಳೆದದ್ದಿಷ್ಟು. ಗೇಟು ಎಷ್ಟು ಎಂಬುದೊಂದು ಪ್ರಶ್ನೆ. ಆ ರಾತ್ರಿ ಎಲ್ಲಿದ್ದಿರಿ ಎಂಬುದು ಬೇರೆ ಪ್ರಶ್ನೆ. ಮೊದಲನೆಯದರ ಉತ್ತರ ಪುಸ್ತಕದಲ್ಲಿದೆ. ಎರಡನೆಯದರ ಉತ್ತರ ಲೋಕದಲ್ಲಿ ಒಬ್ಬರ ಹತ್ತಿರ ಮಾತ್ರ ಇದೆ. ಹಾಗೆಂದು ಮೊದಲನೆಯದು ಕೀಳಲ್ಲ. ಅದು ಪಡಸಾಲೆ. ಪಡಸಾಲೆಯಲ್ಲಿ ಕುಳಿತು ನಾಲ್ಕು ಮಾತಾಡದೆ ಯಾರೂ ಒಳಮನೆಗೆ ಕರೆಯುವುದಿಲ್ಲ. ಮೂವತ್ತಮೂರು ಗೇಟು ಎಂಬ ಉತ್ತರ ಥಟ್ಟನೆ ಬಂದದ್ದರಿಂದಲೇ ಮಾವನಿಗೆ ನಾಲಿಗೆ ಸಡಿಲವಾಯಿತು. ಸೀದಾ ಹೋಗಿ “ನಿಮ್ಮ ಮನಸ್ಸಿನ ದುಃಖವೇನು?” ಎಂದು ಕೇಳಿದ್ದರೆ, “ಏನಿಲ್ಲ, ಆರಾಮ” ಎಂದುಬಿಡುತ್ತಿದ್ದರು. ನಮ್ಮ ಕಡೆಯ ಗಂಡಸರು ಸ್ಮಶಾನದಲ್ಲಿ ನಿಂತಾಗಲೂ ಆರಾಮ.

ಬನ್ನಿಯ ಐದನೆಯ ದಿನಕ್ಕೆ ಸೀಗಿ ಹುಣ್ಣಿಮೆ ಬಂತು. ಎತ್ತಿನ ಗಾಡಿಯ ಬದಲು ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಹೋದೆವು. ಬುತ್ತಿ ಮಾತ್ರ ಬದಲಾಗಿರಲಿಲ್ಲ: ಸಜ್ಜಿರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಅಗಸಿ ಹಿಂಡಿ, ಶೇಂಗಾ ಹೋಳಿಗೆ, ಕಡುಬು. ಭೂಮಿಗೆ ಏಕೆ ಪೂಜೆ, ಪೂಜೆಮಾಡಿ ಹೊಲದ ಸುತ್ತ ಚರಗ ಚೆಲ್ಲುವುದೇಕೆ ಎಂದು ಬೆಂಗಳೂರಿನ ಮಗು ಕೇಳಿತು. ಪೈರು ಹೊತ್ತು ನಿಂತ ಹೊಲವೆಂದರೆ ಬಸುರಿ. ಬಸುರಿಗೆ ಬಯಕೆಯ ಊಟ ಮಾಡಿಸಬೇಡವೆ? ಈ ಉತ್ತರವನ್ನು ಕೊಟ್ಟವನು ಮನೆಯವನಲ್ಲ. ನಲವತ್ತು ವರ್ಷದಿಂದ ನಮ್ಮ ಹೊಲದಲ್ಲಿ ದುಡಿದ ಹಿರಿಯ. ಹೊಲದ ಸಂಗತಿ ಅವನಿಗೆ ಗೊತ್ತಿದ್ದಷ್ಟು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. 1972ರ ಬರದ ವರ್ಷ ಸೀಗಿ ಹುಣ್ಣಿಮೆ ಹೇಗೆ ಮಾಡಿದಿರೆಂದು ಹುಡುಗಿ ಅವನನ್ನು ಕೇಳಿದಳು. “ಹೊಲದಾಗ ಏನೂ ಇರಲಿಲ್ಲವ್ವ. ಆದರೂ ಚರಗ ಚೆಲ್ಲಿದ್ವಿ. ರೇಷನ್ನಿನ ಕೆಂಪು ಜೋಳದ ಕಡಬು ಮಾಡಿ ಚೆಲ್ಲಿದ್ವಿ. ಬಸುರಿಲ್ಲ ಅಂತ ತಾಯಿಗೆ ಊಟ ಬಿಡಿಸಾಕ ಬರ್ತದೇನು?” ಎಂದ. ಆ ಮಾತಿನ ಮೇಲೆ ಯಾರೂ ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಕೇಳುವ ಕಲೆಯಲ್ಲಿ ಸುಮ್ಮನಿರುವುದೂ ಒಂದು ಪಾಠ.

ಇನ್ನು ನಮ್ಮ ಅತ್ತಿಯ ವಿಷಯ. ತಂದೆಯ ತಂಗಿ, ಊರಲ್ಲೇ ಕೊಟ್ಟಿದ್ದರಿಂದ ಹುಟ್ಟಿದ ಮನೆಗೂ ಕೊಟ್ಟ ಮನೆಗೂ ನಡುವೆ ಒಂದೇ ಓಣಿ. ಆಗ ಎಂಬತ್ತಾರು ವರ್ಷ. ಕಿವಿ ಮಂದ, ನೆನಪು ಚುರುಕು. ಮನೆಯಲ್ಲಿ ಅವರನ್ನು ಎಲ್ಲರೂ ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದರು. “ಊಟ ಆತೇನು?”, “ಗುಳಿಗಿ ತೊಗೊಂಡೇನು?” ಎಂಬೆರಡು ಪ್ರಶ್ನೆಗಳನ್ನು ದಿನಕ್ಕೆ ಮೂರು ಸಲ ತಪ್ಪದೆ ಕೇಳುತ್ತಿದ್ದರು.

ಆ ವರ್ಷ ದೀಪಾವಳಿಯ ನಡುವೆಯೇ ನವೆಂಬರ್ 1 ಬಂದಿತ್ತು. ಹೊರಗೆ ಆಕಾಶಬುಟ್ಟಿ, ತಾಂಡಾದ ಕಡೆಯಿಂದ ಲಂಬಾಣಿ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ ಮೇರಾ ಹಾಡುವ ದನಿ. ರಾಜ್ಯೋತ್ಸವದ ಭಾಷಣ ತಯಾರಿಸಿದ್ದ ನಮ್ಮ ಹುಡುಗಿ ಒಂದು ಒಗಟು ಕಟ್ಟಿಕೊಂಡು ಬಂದಿದ್ದಳು: “ಊರು ಬಿಟ್ಟು ಹೋಗಲಿಲ್ಲ, ಮೂರು ರಾಜ್ಯ ಕಂಡರು, ಎರಡು ಜಿಲ್ಲೆ ಕಂಡರು. ಯಾರು?” ಬೀಗರು, ಅಳಿಯಂದಿರು ತಲೆ ಕೆರೆದುಕೊಂಡರು. ಅವಳೇ ಬಿಡಿಸಿದಳು. ಹುಟ್ಟಿದಾಗ ನಿಜಾಮನ ಹೈದರಾಬಾದ್ ಸಂಸ್ಥಾನ. 1948ರ ಸೆಪ್ಟೆಂಬರ್ 17ಕ್ಕೆ ಅದು ಭಾರತದ ಒಕ್ಕೂಟಕ್ಕೆ ಸೇರಿತು. 1956ರ ನವೆಂಬರ್ 1ಕ್ಕೆ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 1973ರ ನವೆಂಬರ್ 1ಕ್ಕೆ ಮೈಸೂರು ಕರ್ನಾಟಕವಾಯಿತು. 1997ರಲ್ಲಿ ರಾಯಚೂರಿನಿಂದ ಒಡೆದು ಕೊಪ್ಪಳ ಜಿಲ್ಲೆಯಾಯಿತು. “ಉತ್ತರ, ನಮ್ಮ ಆಯಿ!” ಎಂದು ಅತ್ತಿಯ ಕೊರಳಿಗೆ ಕೈಹಾಕಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅತ್ತಿ ಕಿವಿಗೆ ಕೈಯೊಡ್ಡಿ, ಒಗಟನ್ನು ಇನ್ನೊಮ್ಮೆ ಹೇಳಿಸಿಕೊಂಡರು. ಆಮೇಲೆ ತಲೆ ಅಲ್ಲಾಡಿಸಿ, “ತಪ್ಪು” ಎಂದರು. “ಊರು ಬಿಟ್ಟಿಲ್ಲ ಅಂತ ಯಾರು ಹೇಳಿದ್ರು? ಒಮ್ಮೆ ಬಿಟ್ಟೇವಿ.”

ರಜಾಕಾರರ ಕಾಲ. ನಮ್ಮ ಕಡೆಯ ಹಳ್ಳಿಗಳ ಜನ ಗಡಿ ದಾಟಿ ಮುಂಬಯಿ ಪ್ರಾಂತದ ಊರುಗಳಲ್ಲಿ ಆಸರೆ ಪಡೆದ ಸಂಗತಿ ಇತಿಹಾಸದಲ್ಲಿದೆ. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂದಾಳತನದ ಶಿಬಿರ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರ ಶಿಬಿರ, ಇವೆಲ್ಲ ಪುಸ್ತಕಗಳಲ್ಲಿ ಸಿಗುತ್ತವೆ. ಸಿಗದಿರುವುದು ಹತ್ತು ವರ್ಷದ ಹುಡುಗಿಯೊಬ್ಬಳು ರಾತ್ರಿಯೆಲ್ಲ ಅವ್ವನ ಸೆರಗು ಹಿಡಿದು ಗಜೇಂದ್ರಗಡದ ಹಾದಿ ನಡೆದದ್ದು. “ಏನೇನ ತೊಗೊಂಡು ಹೋದ್ರಿ, ಆಯಿ?” ಎಂದು ಹುಡುಗಿ ಕೇಳಿದಳು. ಅತ್ತಿಯ ಮುಖದಲ್ಲಿ ಒಂದು ಬಗೆಯ ಗೆಲುವು ಬಂತು. ಈಗ ಅವರ ಸರದಿ.

“ಕಲ್ಲು ಬಿಟ್ಟು ಹೋದ್ವಿ, ಕಲ್ಲಿನ ಕೈ ಹಿಡಕೊಂಡು ಹೋದ್ವಿ. ಏನದು, ಹೇಳು ನೋಡೂಣು?”

ಕ್ವಿಜ್ಜಿನಲ್ಲಿ ಬಹುಮಾನ ಪಡೆದವಳಿಗೆ ಉತ್ತರ ಬರಲಿಲ್ಲ. ನಮಗೂ ಬರಲಿಲ್ಲ. ಬೀಸುವ ಕಲ್ಲಿನ ಗೂಟ! ಬಂಗಾರವಿರಲಿಲ್ಲ, ಬೆಳ್ಳಿಯಿರಲಿಲ್ಲ. ಗಂಟಿನಲ್ಲಿ ನಾಲ್ಕು ಸೇರು ಜೋಳ, ಎರಡು ಸೀರೆ. ಅದರೊಳಗೆ ಬೀಸುಕಲ್ಲಿನಿಂದ ಕಿತ್ತ ಆ ಮರದ ಗೂಟ. ಕಲ್ಲು ಹೊರಲು ಆಗುವುದಿಲ್ಲ. ಗೂಟವಿಲ್ಲದ ಕಲ್ಲನ್ನು ಬಂದವರು ತಿರುಗಿಸಲಾರರು, ನಮ್ಮ ಮನೆಯ ಕಲ್ಲಿನಲ್ಲಿ ಅನ್ಯರ ಹಿಟ್ಟು ಬೀಳಬಾರದು ಎಂದು ನನ್ನ ಅಜ್ಜಿಯ ಲೆಕ್ಕ. ಇನ್ನೊಂದು ಲೆಕ್ಕವೂ ಇತ್ತಂತೆ. ಗಜೇಂದ್ರಗಡದಲ್ಲಿ ಯಾರದೋ ಕಟ್ಟೆಯ ಮೇಲೆ ಮಲಗಿದಾಗ ಮಗಳು ಅತ್ತರೆ, ಅಜ್ಜಿ ಆ ಗೂಟವನ್ನು ಅವಳ ಕೈಗೆ ಕೊಟ್ಟು, “ಕಲ್ಲು ಮನ್ಯಾಗ ಕಾಯಾಕತ್ತೈತಿ, ಗೂಟ ತೊಗೊಂಡು ಹೋಗಲಿಕ್ಕೇ ಬೇಕು” ಎನ್ನುತ್ತಿದ್ದರು. ಪೊಲೀಸ್ ಕಾರ್ಯಾಚರಣೆ ಮುಗಿದು ಊರಿಗೆ ಮರಳಿದರೆ ಬಾಗಿಲು ಹೋಗಿತ್ತು, ತೊಲೆ ಹೋಗಿತ್ತು, ಹಗೇವಿನ ಜೋಳ ಹೋಗಿತ್ತು. ಕಲ್ಲು ಇದ್ದಲ್ಲೇ ಇತ್ತು. ಗೂಟ ಬಡಿದು ಕೂಡ್ರಿಸಿ, ಕಡ ತಂದ ಜೋಳ ಬೀಸಿ, ಆ ವರ್ಷದ ಬನ್ನಿಹಬ್ಬಕ್ಕೆ ಅಜ್ಜಿ ರೊಟ್ಟಿ ಬಡಿದರು. “ಅವತ್ತಿನ ಬನ್ನಿ ಖರೇ ಬಂಗಾರ ಆಗಿತ್ತು” ಎಂದರು ಅತ್ತಿ.

ಯಾರೂ ಏನೂ ಅನ್ನಲಿಲ್ಲ. ಎಪ್ಪತ್ತಾರು ವರ್ಷ ಈ ಸಂಗತಿ ಒಂದೇ ಓಣಿಯ ಎರಡು ಮನೆಗಳ ನಡುವೆ ಓಡಾಡಿಕೊಂಡಿತ್ತು. ಅತ್ತಿ ಮುಚ್ಚಿಟ್ಟಿರಲಿಲ್ಲ, ಹೇಳುವುದಕ್ಕೆ ಯಾವ ಪ್ರಶ್ನೆಯೂ ಎದುರಾಗಿರಲಿಲ್ಲ, ಅಷ್ಟೆ. ಊಟವಾಯಿತೆ ಎಂದು ಕೇಳಿದವರಿಗೆ ಬೀಸುಕಲ್ಲಿನ ಗೂಟದ ಕಥೆ ಹೇಳುವುದು ಹೇಗೆ? ಆ ಹಾದಿ ನಡೆದ ಮಕ್ಕಳು ಈಗ ಎಂಬತ್ತರ, ತೊಂಬತ್ತರ ಅಂಚಿನಲ್ಲಿದ್ದಾರೆ. ಪುಸ್ತಕದಲ್ಲಿರುವ ತಾರೀಖುಗಳಿಗೆ ಆತುರವಿಲ್ಲ, ಅವು ಮುಂದಿನ ವರ್ಷವೂ ಅಲ್ಲೇ ಇರುತ್ತವೆ. ಪಡಸಾಲೆಯ ಮೂಲೆಯಲ್ಲಿ ಕುಳಿತವರ ಮಾತಿಗೆ ಆ ಭರವಸೆ ಇಲ್ಲ. ಆದ್ದರಿಂದ ಈ ಸಲ ಹಬ್ಬಕ್ಕೆ ಊರಿಗೆ ಹೋಗುವ ವಾಚಕರಲ್ಲಿ ನನ್ನದೊಂದು ವಿನಂತಿ. ಸಿಹಿತಿಂಡಿಯ ಡಬ್ಬಿಯ ಜತೆಗೆ ಎರಡು ಪ್ರಶ್ನೆಗಳನ್ನೂ ಒಯ್ಯಿರಿ. ಒಂದು ನಗಿಸುವಂಥದು, ಥಟ್ಟನೆ ಉತ್ತರ ಬರುವಂಥದು. ಇನ್ನೊಂದು, ಉತ್ತರ ನಿಮಗೆ ನಿಜವಾಗಿಯೂ ಗೊತ್ತಿಲ್ಲದಂಥದು. ಉತ್ತರ ಮುಗಿಯುವವರೆಗೆ ಏಳಬೇಡಿ.

ಪಾಡ್ಯದ ದಿನ ನಮ್ಮೂರ ಅಂಗಡಿಗಳಲ್ಲಿ ಹೊಸ ಖಾತೆ ಪುಸ್ತಕ ಪೂಜೆಯಾಯಿತು. ಮೊದಲ ಪುಟದಲ್ಲಿ ಶ್ರೀಕಾರ, ಅದರ ಕೆಳಗೆ ಹಳೆಯ ಪುಸ್ತಕದಿಂದ ತಂದ ಹಿಂದಿನ ಬಾಕಿ. ಸಂಜೆಯ ಬಸ್ಸಿಗೆ ಹೊರಟ ಹುಡುಗಿ ಚೀಲ ಹೆಗಲಿಗೇರಿಸಿ, ಅತ್ತಿಯ ಕಾಲಿಗೆ ನಮಸ್ಕರಿಸಿ, ಬಾಗಿಲಿನವರೆಗೆ ಹೋದವಳು ಮರಳಿ ಬಂದಳು.

“ಆಯಿ, ಆ ಗೂಟ ಈಗ ಎಲ್ಲೈತಿ?”

“ಗೌರಿ ಹುಣ್ಣಿಮಿಗೆ ಬಾ, ಹೇಳ್ತೀನಿ” ಎಂದರು ಅತ್ತಿ. ಅವರಿಗೂ ಈಗ ಖಾತೆ ಇಡುವುದು ಗೊತ್ತಾಗಿತ್ತು.